ಶಂಕೆಯೂ ಪರೀಕ್ಷೆಯೂ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದು ನಿಶ್ಶಂಕಿತ, ನಾಲ್ಕನೆಯದು ಅಮೂಢದೃಷ್ಟಿ. ಒಂದು ಸಂದೇಹಪಡಬೇಡವೆನ್ನುತ್ತದೆ, ಇನ್ನೊಂದು ಮರುಳಾಗಬೇಡವೆನ್ನುತ್ತದೆ. ಇವೆರಡೂ ಒಂದೇ ಹೃದಯದಲ್ಲಿ ನೆಲೆಸುವುದು ಹೇಗೆ? ಊರಿನ ಶಾಲೆಯಲ್ಲಿ ಪವಾಡಗಳ ಪರೀಕ್ಷೆ, ಗ್ರಹಣ ವೀಕ್ಷಣೆ ಮೊದಲಾದ ಕಾರ್ಯಕ್ರಮಗಳು ನಡೆದಾಗ ಶ್ರಾವಕ ಕುಟುಂಬಗಳ ಹಿರಿಯರು ಅಳುಕುವುದು ಈ ಪ್ರಶ್ನೆಯಿಂದಲೇ. ಇಂದು ಗ್ರಹಣದ ಭಯವನ್ನು ಪ್ರಶ್ನಿಸಿದ ಮಗು ನಾಳೆ ಅಷ್ಟಮಿಯ ಉಪವಾಸವನ್ನೂ ಪ್ರಶ್ನಿಸೀತು ಎಂಬುದು ಅವರ ಆತಂಕ. ಈ ಆತಂಕ ಹುರುಳಿಲ್ಲದ್ದಲ್ಲ. ಅದಕ್ಕೆ ಸಮಾಧಾನವನ್ನು ಆಗಮದಲ್ಲಿಯೇ ಅರಸುವುದು ಯುಕ್ತ.

ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯನ್ನು ಆರಂಭಿಸಿದ ಬಗೆ ಇಲ್ಲಿ ಸ್ಮರಣೀಯ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಗಾಗಿ ಭಗವಂತನನ್ನು ಮಹಾನೆಂದು ಒಪ್ಪಲಾಗದೆಂಬುದು ಅವರ ಮೊದಲ ಮಾತಿನ ತಾತ್ಪರ್ಯ. ದೋಷರಹಿತನೂ ಯುಕ್ತಿಗೆ ವಿರೋಧವಿಲ್ಲದ ವಚನವುಳ್ಳವನೂ ಆಗಿರುವುದೇ ಆಪ್ತನ ಲಕ್ಷಣವೆಂದು ಅವರು ನಿರ್ಣಯಿಸುತ್ತಾರೆ. ತೀರ್ಥಂಕರರನ್ನೇ ಪರೀಕ್ಷೆಗೆ ನಿಲ್ಲಿಸಿದ ಈ ಗ್ರಂಥವನ್ನು ಸಮಾಜ ದೂರವಿಡಲಿಲ್ಲ. ಅಕಲಂಕರೂ ವಿದ್ಯಾನಂದರೂ ಅದಕ್ಕೆ ವ್ಯಾಖ್ಯಾನ ಬರೆದರು. ಶಂಕೆಯೆಂದರೆ ನಿಶ್ಚಯಕ್ಕೆ ಬಾರದ ಮನಸ್ಸಿನ ತೂಗಾಟ. ಪರೀಕ್ಷೆಯೆಂದರೆ ನಿಶ್ಚಯಕ್ಕೆ ಒಯ್ಯುವ ಮಾರ್ಗ. ಆದುದರಿಂದ ಪರೀಕ್ಷೆ ನಿಶ್ಶಂಕಿತ ಅಂಗಕ್ಕೆ ವಿರೋಧಿಯಲ್ಲ, ಸಾಧನ.

ಅಮೂಢದೃಷ್ಟಿಗೆ ನಿದರ್ಶನಳಾದ ರೇವತಿ ರಾಣಿಯ ಕಥೆಯೂ ಇದನ್ನೇ ಹೇಳುತ್ತದೆ. ಮಥುರೆಯಲ್ಲಿ ಕ್ಷುಲ್ಲಕನೊಬ್ಬನು ವಿದ್ಯಾಬಲದಿಂದ ನಾನಾ ದೇವರೂಪಗಳನ್ನು ತಾಳಿ, ಕೊನೆಗೆ ಇಪ್ಪತ್ತೈದನೆಯ ತೀರ್ಥಂಕರನಾಗಿ ಸಮವಸರಣವನ್ನೇ ತೋರಿಸಿದಾಗ ಊರೆಲ್ಲ ಓಡಿತು. ತೀರ್ಥಂಕರರು ಇಪ್ಪತ್ತನಾಲ್ವರೇ ಎಂದು ತಿಳಿದಿದ್ದ ರಾಣಿ ಮನೆಯಿಂದ ಕದಲಲಿಲ್ಲ. ಕಣ್ಣು ಕಂಡದ್ದನ್ನು ತಿಳಿವಳಿಕೆಯೊಡನೆ ಹೋಲಿಸಿ ನೋಡಿದ ಆ ಒಂದು ಕ್ಷಣದ ತಾಳ್ಮೆಯೇ ಅವಳ ಹಿರಿಮೆ.

ಈ ತಾಳ್ಮೆಯನ್ನು ಜನಸಾಮಾನ್ಯರಲ್ಲಿ ಬೆಳೆಸಲು ಕರ್ನಾಟಕದಲ್ಲಿ ಶ್ರಮಿಸಿದವರಲ್ಲಿ ಡಾ. ಎಚ್. ನರಸಿಂಹಯ್ಯನವರು ಪ್ರಮುಖರು. ಅವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಸಾರ್ವಜನಿಕ ಉಪನ್ಯಾಸಗಳ ಪರಂಪರೆಯನ್ನೇ ನಿರ್ಮಿಸಿತು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆಂದು ಅವರು ಸಮಿತಿಯೊಂದನ್ನು ರಚಿಸಿದರು. ಇಂಥ ಕಾರ್ಯ ಏಕೆ ಬೇಕೆಂಬುದನ್ನು 2019ರ ಡಿಸೆಂಬರ್ 26ರ ಸೂರ್ಯಗ್ರಹಣ ತೋರಿಸಿಕೊಟ್ಟಿತು. ಅಂದು ಕಲಬುರಗಿ ಜಿಲ್ಲೆಯಲ್ಲಿ ಅಂಗವೈಕಲ್ಯ ವಾಸಿಯಾದೀತೆಂದು ಎಳೆಯ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಹೂಳಿದವರು ಕ್ರೂರಿಗಳಲ್ಲ, ಮಕ್ಕಳಿಗಾಗಿ ಮರುಗುವ ತಾಯಿತಂದೆಗಳು. ಪರೀಕ್ಷೆಯಿಲ್ಲದ ಪ್ರೀತಿಯೂ ಹಿಂಸೆಯಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಗೃಹಸ್ಥರಿಗೆ ಪರೀಕ್ಷೆಯ ಪಾಠಶಾಲೆ ಹಂಪಿಯಲ್ಲಿಯೇ ಇದೆ. ವಿರೂಪಾಕ್ಷ ದೇವಾಲಯದ ಒಂದು ಕತ್ತಲ ಕೋಣೆಯ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುವುದನ್ನು ಯಾತ್ರಿಕರು ಬೆರಗಿನಿಂದ ನೋಡುತ್ತಾರೆ. ಬೆಳಕು ನೇರವಾಗಿ ಚಲಿಸುತ್ತದೆ. ಕಿರಿದಾದ ರಂಧ್ರದ ಮೂಲಕ ಗೋಪುರದ ಮೇಲ್ತುದಿಯ ಕಿರಣ ಕೆಳಕ್ಕೂ ಬುಡದ ಕಿರಣ ಮೇಲಕ್ಕೂ ಬೀಳುತ್ತದೆ. ಇಷ್ಟೇ ಅದರ ಗುಟ್ಟು. ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ ಸೂರ್ಯನಿಗೆ ಬೆನ್ನುಮಾಡಿ ನಿಂತರೆ, ಅದೇ ನಿಯಮದಿಂದ ಗ್ರಹಣದ ಸೂರ್ಯಬಿಂಬವನ್ನು ಕಣ್ಣಿಗೆ ಅಪಾಯವಿಲ್ಲದಂತೆ ಬಿಳಿಯ ಹಾಳೆಯ ಮೇಲೆ ಕಾಣಬಹುದು. ಕಾರಣ ತಿಳಿದೊಡನೆ ಬೆರಗು ಅಳಿಯುವುದಿಲ್ಲ. ಭಯ ಮಾತ್ರ ಅಳಿಯುತ್ತದೆ.

ಆದರೆ ಪರರ ನಂಬಿಕೆಯನ್ನು ಪರೀಕ್ಷಿಸುವುದು ಸುಲಭ. ಸ್ವಂತ ನಂಬಿಕೆಯನ್ನು ಪರೀಕ್ಷಿಸುವುದು ಕಠಿಣ. ಹೇಮಕೂಟದ ಮೇಲಿನ ಮೆಟ್ಟಿಲು ಶಿಖರದ ಗುಡಿಗಳನ್ನು ಬಹುಕಾಲದಿಂದ ಜನ ಜೈನ ಬಸದಿಗಳೆನ್ನುತ್ತಾರೆ. ಶ್ರಾವಕರಿಗೆ ಈ ಮಾತು ಪ್ರಿಯವೇ. ಆದರೆ ಅಲ್ಲಿರುವ ಕಂಪಿಲರಾಯನ ಶಾಸನ ಶಿವಾಲಯದ ನಿರ್ಮಾಣವನ್ನೂ ಲಿಂಗಗಳ ಪ್ರತಿಷ್ಠೆಯನ್ನೂ ಹೇಳುತ್ತದೆ. ಕಂಪ್ಲಿಯ ರಸ್ತೆಯ ಬದಿಯ ಗಾಣಗಿತ್ತಿ ಬಸದಿಯ ಸಂಗತಿ ಬೇರೆ. ದಂಡನಾಯಕ ಇರುಗಪ್ಪನು 1385ರಲ್ಲಿ ಕುಂಥುನಾಥ ಜಿನರಿಗಾಗಿ ಅದನ್ನು ಕಟ್ಟಿಸಿದನೆಂದು ಅದರ ದೀಪಸ್ತಂಭದ ಶಾಸನವೇ ಸಾರುತ್ತದೆ. ಒಂದನ್ನು ಶಾಸನದ ಬಲದಿಂದ ತನ್ನದೆನ್ನುವವನು ಇನ್ನೊಂದನ್ನು ಅದೇ ಬಲದಿಂದ ಬಿಟ್ಟುಕೊಡಬೇಕು.

ಇನ್ನೂ ಕಠಿಣವಾದುದೊಂದಿದೆ. ತ್ರಿಲೋಕಸಾರಾದಿ ಗ್ರಂಥಗಳು ಗ್ರಹಣಕ್ಕೆ ರಾಹು ಮೊದಲಾದವರ ವಿಮಾನಗಳನ್ನು ಕಾರಣವಾಗಿ ಹೇಳುತ್ತವೆ. ಇಂದಿನ ಗಣಿತವು ಚಂದ್ರನ ನೆರಳಿನಿಂದ ಗ್ರಹಣದ ನಿಮಿಷವನ್ನೂ ಹಾದಿಯನ್ನೂ ಮುಂಚಿತವಾಗಿ ತಿಳಿಸುತ್ತದೆ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ರಾಯಚೂರು ಸೀಮೆಗಳ ಮೇಲೆ ಹಾದ ಪೂರ್ಣಗ್ರಹಣವನ್ನು ಕಾಣಲು ವಿಜ್ಞಾನಿಗಳು ಮೊದಲೇ ಬಂದು ಬೀಡುಬಿಟ್ಟುದು ಆ ಗಣಿತದ ಭರವಸೆಯಿಂದಲೇ. ಮಗು ಕೇಳಿದಾಗ ಗ್ರಂಥದಲ್ಲಿರುವುದನ್ನೂ ಮರೆಮಾಚದೆ, ಗಣಿತ ತೋರಿಸುವುದನ್ನೂ ಮರೆಮಾಚದೆ ಹೇಳುವುದೇ ಸತ್ಯಾಣುವ್ರತ. ಮೋಕ್ಷಮಾರ್ಗ ನಿಂತಿರುವುದು ಕಷಾಯಗಳ ಜಯದ ಮೇಲೆ, ಗ್ರಹಣದ ಕಾರಣದ ಮೇಲಲ್ಲ.

ಹಾಗಾದರೆ ಅಷ್ಟಮಿಯ ಉಪವಾಸದ ಗತಿಯೇನು? ಗ್ರಹಣದ ಹೊತ್ತು ಅನ್ನ ವಿಷವಾಗುವುದೆಂದು ಹೆದರಿ ಹಸಿದಿರುವವನು ಭಯದ ಸೇವಕ. ಪರ್ವದ ದಿನ ಅನ್ನ ನಿರ್ದೋಷವೆಂದು ತಿಳಿದೂ ಆಸೆಯನ್ನು ನಿಗ್ರಹಿಸುವವನು ವ್ರತಿ. ಉಪವಾಸದಿಂದ ಸಕ್ಕರೆಯ ಕಾಯಿಲೆ ವಾಸಿಯಾಗುವುದೆಂದು ಯಾರಾದರೂ ಹೇಳಿದರೆ ಅದು ದೇಹದ ಮಾತು, ವೈದ್ಯನ ಪರೀಕ್ಷೆಗೆ ಒಳಪಡತಕ್ಕದ್ದು. ಮದ್ದಿನ ಮೇಲಿರುವವನು ವೈದ್ಯನನ್ನು ಕೇಳದೆ ಉಪವಾಸ ಹಿಡಿಯುವುದು ತಪವಲ್ಲ. ಆಸೆ ತಗ್ಗಿತೇ, ಕೋಪ ಇಳಿಯಿತೇ ಎಂಬುದು ಆತ್ಮದ ಮಾತು. ಅದರ ಪರೀಕ್ಷಕ ವ್ರತಿಯೇ. ಕರ್ಮನಿರ್ಜರೆ, ಜನ್ಮಾಂತರಗಳನ್ನು ಹಾಳೆಯ ಮೇಲೆ ಮೂಡಿಸಿ ತೋರಲಾಗದು. ಅದು ಶ್ರದ್ಧೆಯ ಕ್ಷೇತ್ರವೆಂದು ನೇರವಾಗಿ ಹೇಳುವುದರಲ್ಲಿ ಅವಮಾನವಿಲ್ಲ.

ಸಭೆಗಳಲ್ಲಿ ಪವಾಡವನ್ನು ಬಯಲುಮಾಡುವವರು ಮರೆಯಬಾರದ ವಿಷಯವೂ ಒಂದುಂಟು. ಅಮೂಢದೃಷ್ಟಿಯ ಬೆನ್ನಿಗೇ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳನ್ನು ಆಚಾರ್ಯರು ಹೇಳಿದ್ದಾರೆ. ನಂಬಿ ಮೋಸಹೋದ ನೆರೆಯವನನ್ನು ನಗೆಗೀಡುಮಾಡಿದರೆ ಅವನು ತನ್ನ ನಂಬಿಕೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪುತ್ತಾನೆ. ಕೈಹಿಡಿದು ಕತ್ತಲ ಕೋಣೆಗೆ ಕರೆದೊಯ್ದು ರಂಧ್ರವನ್ನು ತೋರಿಸಿದರೆ ತಾನೇ ಅರಿಯುತ್ತಾನೆ.

ವ್ರತಿಯಾದವನು ನಿಶ್ಶಲ್ಯನಾಗಿರಬೇಕೆಂದು ತತ್ತ್ವಾರ್ಥಸೂತ್ರದ ನಿಯಮ. ಮಾಯೆ, ಮಿಥ್ಯೆ, ನಿದಾನಗಳೆಂಬ ಮೂರು ಮುಳ್ಳುಗಳಲ್ಲಿ ಮಿಥ್ಯೆ ಒಳಗುಳಿದಿದ್ದರೆ ಎಷ್ಟು ಪರ್ವಗಳ ಉಪವಾಸವೂ ವ್ರತವೆನಿಸದು. ಆ ಮುಳ್ಳನ್ನು ತೆಗೆಯುವ ಉಪಕರಣವೇ ಪರೀಕ್ಷೆ. ಆದುದರಿಂದ ಪ್ರಶ್ನಿಸುವ ಮಗುವಿಗೆ ಹಿರಿಯರು ಹೆದರಬೇಕಾಗಿಲ್ಲ. ಉತ್ತರಿಸಲು ತಾವು ಸಿದ್ಧರಿದ್ದೇವೆಯೇ ಎಂದು ತಮ್ಮನ್ನು ತಾವು ಕೇಳಿಕೊಂಡರೆ ಸಾಕು.