ಮದ್ಯದ ತೆರಿಗೆಯೂ ಶ್ರಾವಕನ ಸಂಯಮವೂ

ಜೈನ ಗೃಹಸ್ಥನ ಆಚಾರದಲ್ಲಿ ಮದ್ಯತ್ಯಾಗವು ಮೊದಲ ಮೆಟ್ಟಿಲು. ಅಷ್ಟಮೂಲಗುಣಗಳನ್ನು ಆಚಾರ್ಯರು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಸಮಂತಭದ್ರರು ಮದ್ಯ, ಮಾಂಸ, ಮಧುಗಳ ತ್ಯಾಗದೊಡನೆ ಪಂಚಾಣುವ್ರತಗಳನ್ನು ಸೇರಿಸಿದರೆ, ಅಮೃತಚಂದ್ರರು ಐದು ಉದುಂಬರ ಫಲಗಳ ತ್ಯಾಗವನ್ನು ಸೇರಿಸಿದ್ದಾರೆ. ಎಣಿಕೆ ಬದಲಾದರೂ ಮದ್ಯತ್ಯಾಗ ಬದಲಾಗಲಿಲ್ಲ. ಹೀಗಿರುವಾಗ ಮದ್ಯದ ಮೇಲಿನ ತೆರಿಗೆಯ ವಿಚಾರ ಶ್ರಾವಕನಿಗೇಕೆ ಎಂದು ಕೆಲವರು ಕೇಳಬಹುದು. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ನೆಲೆಸಿರುವ ಶ್ರಾವಕನು ಈ ನಾಡಿನ ಪ್ರಜೆಯೂ ಹೌದು, ಅನೇಕ ವೇಳೆ ಕಟ್ಟಡದ ಮಾಲೀಕನೂ ಹೌದು. ಅವನ ಮಕ್ಕಳು ಬಿ.ಟಿ.ಎಂ. ಬಡಾವಣೆಯ ಕಚೇರಿಗಳಲ್ಲಿ ದುಡಿದು, ವಾರಾಂತ್ಯದಲ್ಲಿ ಗೆಳೆಯರೊಡನೆ ಕೂಡುವವರು. ಆದುದರಿಂದ ಈ ಪ್ರಶ್ನೆ ಅವನ ಹೊಸ್ತಿಲಿನದೇ ಆಗಿದೆ.

ಮದ್ಯದ ಬೆಲೆ ಏರಿದರೆ ಮಿತಿಮೀರಿದ ಕುಡಿತ ಇಳಿಯುವುದೇ? ಒಂದೇ ಕೂಟದಲ್ಲಿ ೬೦ ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಶುದ್ಧ ಮದ್ಯಸಾರ ಸೇವಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು ವಿಪರೀತ ಸೇವನೆಯೆಂದು ಗುರುತಿಸುತ್ತದೆ. ಹಲವು ದೇಶಗಳ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೯ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಬೆಲೆ ಶೇಕಡ ೧೦ರಷ್ಟು ಏರಿದರೆ ಒಟ್ಟು ಸೇವನೆ ಸುಮಾರು ಶೇಕಡ ೫ರಷ್ಟು ಇಳಿಯುತ್ತದೆ; ಅತಿಯಾಗಿ ಕುಡಿಯುವವರಲ್ಲಿ ಇಳಿಕೆ ಸುಮಾರು ಶೇಕಡ ೨.೮ ಮಾತ್ರ. ಅಂದರೆ ಬೆಲೆಗೆ ಬಲವಿದೆ. ಆದರೆ ಯಾರಿಗೆ ಅದು ಹೆಚ್ಚು ಅವಶ್ಯವೋ ಅವರ ಮೇಲೆಯೇ ಅದರ ಬಲ ಕಡಿಮೆ.

ಸ್ಕಾಟ್ಲೆಂಡಿನ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ೨೦೧೮ರ ಮೇ ೧ರಿಂದ ಮದ್ಯಸಾರದ ಪ್ರಮಾಣಕ್ಕೆ ತಕ್ಕಂತೆ ಕನಿಷ್ಠ ಬೆಲೆಯನ್ನು ಕಟ್ಟಲಾಯಿತು. ಇದು ತೆರಿಗೆಯಲ್ಲ, ಇದಕ್ಕಿಂತ ಅಗ್ಗವಾಗಿ ಯಾರೂ ಮಾರಬಾರದೆಂಬ ನಿಯಮ. ಮದ್ಯದಿಂದಲೇ ಸಂಭವಿಸುವ ಮರಣಗಳು ನಿರೀಕ್ಷೆಗಿಂತ ಸುಮಾರು ಶೇಕಡ ೧೩ರಷ್ಟು ಕಡಿಮೆಯಾದುವೆಂದು ಅಲ್ಲಿನ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಅಂದಾಜು ಮಾಡಿತು. ಆದರೆ ಚಟಕ್ಕೆ ಸಿಕ್ಕಿದ ಕೆಲವರು ಕುಡಿತವನ್ನು ಬಿಡದೆ ಊಟದ ಖರ್ಚನ್ನೇ ಕಡಿತಗೊಳಿಸಿದರೆಂಬುದನ್ನೂ ಅದೇ ಪರಿಶೀಲನೆ ದಾಖಲಿಸಿದೆ.

ಇಲ್ಲಿ ಸಂವರ ಮತ್ತು ನಿರ್ಜರೆಗಳ ಭೇದ ನೆನಪಿಗೆ ಬರುತ್ತದೆ. ಹೊಸ ಕರ್ಮದ ಆಸ್ರವವನ್ನು ತಡೆಯುವುದು ಸಂವರ. ಕಟ್ಟಿಕೊಂಡುದನ್ನು ಉದುರಿಸುವುದು ನಿರ್ಜರೆ. ಬೆಲೆಯೇರಿಕೆಯು ಸಂವರದಂತೆ ಇನ್ನೂ ಚಟಕ್ಕೆ ಬೀಳದವನನ್ನು ತಡೆಯಬಲ್ಲದು. ಬಿದ್ದವನಿಗೆ ಬೇಕಾದುದು ನಿರ್ಜರೆಗೆ ಸಮಾನವಾದ ಬೇರೊಂದು ಪ್ರಯತ್ನ. ಅಲ್ಲಿ ತೆರಿಗೆಯೊಂದೇ ಸಾಲದು.

ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಷೇಧವಾಯಿತು. ಮರುವರ್ಷವೇ, ೨೦೦೮ರ ಮೇ ತಿಂಗಳಲ್ಲಿ, ಬೆಂಗಳೂರಿನ ಆಸುಪಾಸಿನಲ್ಲಿಯೂ ನೆರೆಯ ತಮಿಳುನಾಡಿನಲ್ಲಿಯೂ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಅಗ್ಗದ ಮದ್ಯ ದೊರೆಯದಿದ್ದರೆ ಬಡವ ವಿಷವನ್ನು ಕುಡಿಯುತ್ತಾನೆ, ಆದುದರಿಂದ ಬೆಲೆ ಏರಿಸಬಾರದು ಎಂಬ ವಾದ ಇದರಿಂದ ಹುಟ್ಟುತ್ತದೆ. ಆದರೆ ಸಾರಾಯಿ ಕಾನೂನಿನ ಪ್ರಕಾರವೇ ದೊರೆಯುತ್ತಿದ್ದ ೧೯೮೧ರಲ್ಲಿಯೂ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ನೂರಾರು ಜನ ಸತ್ತಿದ್ದರು. ದೋಷವೆಲ್ಲ ಬೆಲೆಯದಲ್ಲ, ಕಾವಲಿನದೂ ಹೌದು.

ಇನ್ನು ಸರಕಾರದ ಭಾವವನ್ನು ಪರೀಕ್ಷಿಸಬೇಕು. ೨೦೨೩ರ ಜುಲೈ ಆಯವ್ಯಯದಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡ ೨೦ರಷ್ಟು ಏರಿಸಲಾಯಿತು. ಬಿಯರಿನ ಸುಂಕ ಶೇಕಡ ೧೭೫ರಿಂದ ೧೮೫ಕ್ಕೆ ಏರಿತು. ಆದರೆ ೨೦೨೪ರ ಆಗಸ್ಟಿನಲ್ಲಿ ದುಬಾರಿ ಮದ್ಯಗಳ ಬೆಲೆಯನ್ನು ನೆರೆರಾಜ್ಯಗಳಿಗೆ ಸರಿದೂಗುವಂತೆ ಇಳಿಸಲಾಯಿತು. ೨೦೨೫-೨೬ರಲ್ಲಿ ಅಬಕಾರಿಯಿಂದ ೪೦,೦೦೦ ಕೋಟಿ ರೂಪಾಯಿ ವರಮಾನದ ಗುರಿಯಿಡಲಾಯಿತು. ಮದ್ಯಪಾನ ನಿಷೇಧಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ ೪೭ನೆಯ ವಿಧಿ ನಿರ್ದೇಶಿಸುತ್ತದೆ. ಮಾರಾಟ ಕುಸಿದರೆ ಸಂತೋಷಪಡುವ ತೆರಿಗೆ ಬೇಲಿಯಂತೆ. ಕುಸಿದರೆ ಚಿಂತಿಸುವ ತೆರಿಗೆ ಪಾಲುಗಾರಿಕೆಯಂತೆ. ಎರಡಕ್ಕೂ ಹೆಸರು ಒಂದೇ ಆದರೂ ಭಾವ ಒಂದೇ ಅಲ್ಲ.

ಹಣವಿಲ್ಲದೆ ಕುಡಿಯದವನು ತ್ಯಾಗಿಯೇ ಎಂಬ ಆಕ್ಷೇಪವೂ ಉಂಟು. ಅಲ್ಲ, ಅವನ ಒಳಗಿನ ತೃಷ್ಣೆ ಹಾಗೆಯೇ ಉಳಿದಿದೆ. ಪ್ರಮಾದವೇ ಹಿಂಸೆಯ ಬೇರೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಬೇರು ಕೀಳುವುದು ಬೆಲೆಗೆ ಸಾಧ್ಯವಿಲ್ಲ. ಆದರೂ ಆ ರಾತ್ರಿ ಅವನ ಮಡದಿಗೆ ಹೊಡೆತ ಬೀಳಲಿಲ್ಲ, ಮಕ್ಕಳು ಹಸಿದು ಮಲಗಲಿಲ್ಲ, ರಸ್ತೆಯಲ್ಲಿ ಇನ್ನೊಬ್ಬನ ಪ್ರಾಣ ಹೋಗಲಿಲ್ಲ. ಇದು ಅವನಿಗೆ ಪುಣ್ಯವಾಗದಿರಬಹುದು, ಆದರೆ ಆ ಜೀವಗಳಿಗೆ ಅಭಯವೇ ಸರಿ. ದ್ರವ್ಯಹಿಂಸೆಯನ್ನು ತಡೆಯುವುದು ಕಾನೂನಿನ ಕ್ಷೇತ್ರ. ಭಾವಹಿಂಸೆಯನ್ನು ತಿದ್ದುವುದು ಗುರುವಿನ, ಮನೆಯ ಕ್ಷೇತ್ರ. ಒಂದು ಅಪೂರ್ಣವೆಂದು ಅದನ್ನು ಬಿಡುವುದು ವಿವೇಕವಲ್ಲ.

ಕೊನೆಗೆ ಶ್ರಾವಕನು ತನ್ನ ಲೆಕ್ಕದ ಪುಸ್ತಕವನ್ನೂ ತೆರೆಯಬೇಕು. ಮದ್ಯಾದಿಗಳ ವ್ಯಾಪಾರವಾದ ರಸವಾಣಿಜ್ಯವು ಅವನಿಗೆ ನಿಷಿದ್ಧ. ಆದರೆ ಮುಖ್ಯರಸ್ತೆಯ ಮಳಿಗೆಗೆ ಪುಸ್ತಕದಂಗಡಿಯವನು ಕೊಡುವ ಬಾಡಿಗೆಗಿಂತ ಹೆಚ್ಚನ್ನು ಬಾರಿನವನು ಕೊಡುತ್ತೇನೆಂದಾಗ ಏನು ಮಾಡಬೇಕು? ಮಾರುವವನು ಬೇರೆಯವನೆಂಬ ಸಮಾಧಾನ ಕೃತದ ಮಟ್ಟಿಗೆ ನಿಜ; ಕಾರಿತ ಮತ್ತು ಅನುಮೋದನೆಗಳ ಮಟ್ಟಿಗೆ ನಿಲ್ಲದು. ಅದೇ ಬಾಡಿಗೆಯ ಒಂದು ಅಂಶ ಬಸದಿಯ ಜೀರ್ಣೋದ್ಧಾರಕ್ಕೆ ದಾನವಾಗಿ ಬಂದರೆ ಟ್ರಸ್ಟಿನವರು ಅದರ ಮೂಲವನ್ನು ವಿಚಾರಿಸಬೇಕು. ಮದುವೆಯ ಮುನ್ನಾದಿನ ಹೋಟೆಲಿನಲ್ಲಿ ಅತಿಥಿಗಳಿಗಾಗಿ ಮಾತ್ರವೆಂದು ಮದ್ಯವಿಡುವವರಿಗೂ ಇದೇ ನ್ಯಾಯ. ಅಲ್ಲಿ ಯಾವ ತೆರಿಗೆಯೂ ತಡೆಯದು. ಅಂತಹ ಮನೆಗಳಿಗೆ ಬೆಲೆ ಲೆಕ್ಕಕ್ಕಿಲ್ಲ.

ಚಟಕ್ಕೆ ಬಿದ್ದ ಮಗನನ್ನು ಮರ್ಯಾದೆಗಂಜಿ ಮರೆಮಾಡುವ ಕುಟುಂಬಗಳು ಎಲ್ಲ ಸಮಾಜಗಳಂತೆ ಜೈನ ಸಮಾಜದಲ್ಲಿಯೂ ಉಂಟು. ಜಯನಗರಕ್ಕೆ ಸಮೀಪದಲ್ಲಿಯೇ, ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ವಿಭಾಗವಿದೆ. ಪ್ರತಿ ಟ್ರಸ್ಟಿನಲ್ಲಿ ಗುಟ್ಟು ಕಾಯಬಲ್ಲ ಇಬ್ಬರು ಹಿರಿಯರು ಅಂತಹ ಮನೆಗೆ ಹೋಗಿ, ತಂದೆತಾಯಿಗಳೊಡನೆ ಅಲ್ಲಿಯವರೆಗೆ ನಡೆದು ಬಂದರೆ ಅದು ಅಭಯದಾನವೂ ಹೌದು, ಔಷಧದಾನವೂ ಹೌದು. ತೆರಿಗೆ ಏರಲಿ, ಅದು ಯೋಗ್ಯವೇ. ಅದು ಮುಟ್ಟಲಾರದ ಮನೆಗಳ ಬಾಗಿಲು ತಟ್ಟುವ ಕೆಲಸ ಮಾತ್ರ ಸಮಾಜದ ಪಾಲಿಗೆ ಉಳಿದಿದೆ.