ಕೊಂಡಿದ್ದಾ, ಬಾಡಿಗೆಗೆ ತಗೊಂಡಿದ್ದಾ?

ಒಂದು ವಸ್ತು ನನ್ನದಾಗೋದು ಯಾವಾಗ? ದುಡ್ಡು ಕೊಟ್ಟಾಗ ಅಂತೀರಿ. ನನಗನ್ನಿಸೋದು, ಅದನ್ನು ಇನ್ನೊಬ್ಬರಿಗೆ ಕೊಡೋಕೆ ಆದಾಗ. ಅಪ್ಪ ಕೊಂಡ ಕ್ಯಾಸೆಟ್ಟುಗಳಲ್ಲಿ ಅರ್ಧ ಚಿಕ್ಕಪ್ಪನ ಮನೆಗೆ ಹೋಗಿ ವಾಪಸ್ ಬರಲೇ ಇಲ್ಲ. ಅದಕ್ಕೆ ಯಾವ ಕಂಪನಿಯ ಅನುಮತಿಯೂ ಬೇಕಿರಲಿಲ್ಲ.

ಈಗ ‘ಬೈ’ ಬಟನ್ ಒತ್ತಿ ತಗೊಂಡ ಸಿನಿಮಾವನ್ನೋ ಇ-ಪುಸ್ತಕವನ್ನೋ ತಂಗಿಗೆ ಕೊಡೋ ಹಾಗಿಲ್ಲ. ನಾನು ಹಾಡು ಕೊಳ್ಳುತ್ತಿದ್ದ ಆ್ಯಪ್ ಒಂದು ಬಾಗಿಲು ಹಾಕಿತು. ಫೈಲುಗಳು ಫೋನಿನಲ್ಲೇ ಇದ್ದವು, ಆದರೆ ತೆರೆಯಲಿಲ್ಲ. ಪುಕ್ಕಟೆ ಕಾಪಿ ಮಾಡ್ಕೊಂಡಿದ್ದ ಗೆಳೆಯ ಅದೇ ಹಾಡುಗಳನ್ನು ಈಗಲೂ ಆರಾಮಾಗಿ ಕೇಳ್ತಿದ್ದಾನೆ. ಬೀಗ ಬಿದ್ದದ್ದು ದುಡ್ಡು ಕೊಟ್ಟವನಿಗೆ!

ಕೊಂಡದ್ದನ್ನು ವಾಪಸ್ ಕಿತ್ತುಕೊಂಡದ್ದೂ ಇದೆ. 2009ರ ಜುಲೈನಲ್ಲಿ ಅಮೆಜಾನ್ ಗ್ರಾಹಕರ ಕಿಂಡಲ್‌ಗಳಿಂದ ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಪ್ರತಿಗಳನ್ನು ಅಳಿಸಿಹಾಕಿತು. ಅವನ್ನು ಮಾರಾಟಕ್ಕಿಟ್ಟವರಿಗೆ ಹಕ್ಕಿರಲಿಲ್ಲ ಅನ್ನೋದು ಕಾರಣ. ದುಡ್ಡು ವಾಪಸ್ ಬಂತು, ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗಲೂ ಅಷ್ಟೇ. ದುಡ್ಡು ಬಂತು, ಪುಸ್ತಕ ಹೋಯ್ತು.

‘ಹಾಗಾದ್ರೆ ಹಾಡಿದವರ, ಬರೆದವರ ಹೊಟ್ಟೆಪಾಡು?’ ನ್ಯಾಯವಾದ ಪ್ರಶ್ನೆ. ಕ್ಯಾಸೆಟ್ ಕೊಟ್ಟರೆ ನನ್ನ ಕೈ ಖಾಲಿ. ಫೈಲ್ ಕೊಟ್ಟರೆ ಇಬ್ಬರ ಹತ್ತಿರವೂ ಇರುತ್ತೆ, ಆಮೇಲೆ ಇನ್ನೂರು ಜನರ ಹತ್ತಿರ. ಬೀಗ ಹಾಕುವವರ ಭಯ ಸುಳ್ಳಲ್ಲ. ತೊಂದರೆ ಏನಂದ್ರೆ, ಕಳ್ಳತನ ಯಾವುದು, ಉಡುಗೊರೆ ಯಾವುದು ಅನ್ನೋದು ಬೀಗಕ್ಕೆ ಗೊತ್ತಾಗಲ್ಲ. 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಂ ಇಂಥ ಬೀಗ ಒಡೆಯುವವರಿಗೆ 2 ವರ್ಷದವರೆಗೆ ಜೈಲು ಅನ್ನುತ್ತೆ. ಆದರೆ ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇದ್ದರೆ ಮಾತ್ರ. ಉದ್ದೇಶ ಏನು ಅಂತ ಕೇಳುವಷ್ಟು ವ್ಯವಧಾನ ಕಾನೂನಿಗಿದೆ, ಸಾಫ್ಟ್‌ವೇರಿಗಿಲ್ಲ.

ಬಾಡಿಗೆ ಬಗ್ಗೆ ನನ್ನದೇನೂ ತಕರಾರಿಲ್ಲ. ಬೆಂಗಳೂರಿನಲ್ಲಿ ನಮ್ಮಲ್ಲೆಷ್ಟೋ ಜನ ಬಾಡಿಗೆ ಮನೆಯಲ್ಲೇ ಇದ್ದೀವಿ. ಹಾಡಿಗೆ ತಿಂಗಳ ಚಂದಾ ಕಟ್ತೀವಿ, ನಿಲ್ಲಿಸಿದ್ರೆ ಹಾಡೂ ನಿಲ್ಲುತ್ತೆ ಅಂತ ಗೊತ್ತಿದ್ದೇ ಕಟ್ತೀವಿ. ಆದರೆ ಯಾವ ಮನೆ ಮಾಲೀಕನೂ ಮನೆ ಮಾರಿದ್ದೀನಿ ಅಂತ ಹೇಳಿ ಬೀಗದಕೈ ತನ್ನ ಜೇಬಲ್ಲೇ ಇಟ್ಕೊಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಸಿಗೋದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ತಿಳಿಸದೆ ಇಂಥ ಸರಕಿಗೆ ‘ಬೈ’ ಅಂತ ಬರೆಯೋ ಹಾಗಿಲ್ಲ. ಚಿಕ್ಕ ಕಾನೂನು, ಸರಿಯಾದ ಜಾಗಕ್ಕೇ ಕೈ ಹಾಕಿದೆ.

ಬಾಡಿಗೆ ಅಂತ ಬರೀರಿ, ಬಾಡಿಗೆ ಕೊಡ್ತೀನಿ. ಪೂರ್ತಿ ಬೆಲೆ ತಗೊಂಡ್ರೆ, ನನ್ನ ನಂತರ ಅದು ಯಾರಿಗೆ ಅನ್ನೋ ತೀರ್ಮಾನ ನನಗೇ ಬಿಡಿ.