ಸಾಕೆನ್ನುವ ಅಧಿಕಾರ: ದಾಂಪತ್ಯ, ಕಾಯಕ ಮತ್ತು ಮನೆಯ ಲೆಕ್ಕ

ಮನೆಗೆ ಬಂದ ಹಣದ ಮೇಲೆ ಗಂಡ ಹೆಂಡಿರಲ್ಲಿ ಯಾರ ಮಾತು ನಡೆಯಬೇಕು, ಎಷ್ಟು ಖರ್ಚಾಗಬೇಕು, ಎಷ್ಟು ಉಳಿಯಬೇಕು, ಎಲ್ಲಿಗೆ ಬಂದಾಗ ಇಷ್ಟು ಸಾಕು ಎನ್ನಬೇಕು ಎಂಬ ಪ್ರಶ್ನೆಗಳನ್ನು ಅಡುಗೆಮನೆಯ ಪ್ರಶ್ನೆಗಳೆಂದು ಬದಿಗಿಡುವ ರೂಢಿ ಧರ್ಮಚಿಂತನೆಯಲ್ಲಿ ಬಲವಾಗಿದ್ದರೂ, ಹಳೆಯ ಧರ್ಮಗ್ರಂಥಗಳು ಸ್ವತಃ ಅವನ್ನು ಬದಿಗಿಟ್ಟಿಲ್ಲ. ಧರ್ಮ, ಅರ್ಥ, ಕಾಮ, ಮೋಕ್ಷವೆಂಬ ನಾಲ್ಕು ಪುರುಷಾರ್ಥಗಳಲ್ಲಿ, ಎಂದರೆ ಮನುಷ್ಯನು ಸಾಧಿಸಬೇಕಾದ ನಾಲ್ಕು ಗುರಿಗಳಲ್ಲಿ, ಅರ್ಥಕ್ಕೆ ಎರಡನೆಯ ಸ್ಥಾನವಿದೆ. ಬ್ರಹ್ಮಚಾರಿ, ವಾನಪ್ರಸ್ಥ, ಸಂನ್ಯಾಸಿ ಈ ಮೂವರೂ ಗೃಹಸ್ಥನ ಅನ್ನವನ್ನೇ ನಂಬಿದವರೆಂದು ಸ್ಮೃತಿಗಳು ಒಪ್ಪಿಕೊಂಡಿವೆ. ಆ ಅನ್ನದ ಲೆಕ್ಕ ಇಡುವವರು ಇಬ್ಬರು. ಆ ಇಬ್ಬರ ನಡುವಿನ ಅಧಿಕಾರದ ಸ್ವರೂಪವೇನೆಂಬ ಪ್ರಶ್ನೆಯನ್ನು ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ನಿಂತು ಕೇಳಿದಾಗ ಅದಕ್ಕೊಂದು ಬೇರೆಯೇ ತೂಕ ಬರುತ್ತದೆ, ಏಕೆಂದರೆ ಬಟ್ಟೆ ನೇಯ್ದು ಬದುಕಿದ ದೇವರ ದಾಸಿಮಯ್ಯನ ಮುದನೂರು ಹಳೆಯ ಸುರಪುರ ತಾಲ್ಲೂಕಿಗೆ ಸೇರಿದ್ದು. ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ಮಾರಯ್ಯ ಮತ್ತು ಲಕ್ಕಮ್ಮರ ಅಮರೇಶ್ವರ ಕೃಷ್ಣೆಯ ಆಚೆ ದಡದ ಲಿಂಗಸುಗೂರು ತಾಲ್ಲೂಕಿನದು.

ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಶಾಸ್ತ್ರವಾದ ಮೀಮಾಂಸೆಯಲ್ಲಿ ಈ ಪ್ರಶ್ನೆ ಯಜ್ಞದ ನೆಪದಲ್ಲಿ ಎದ್ದಿತು. ಯಜ್ಞ ಮಾಡುವ ಅಧಿಕಾರ ಹೆಣ್ಣಿಗೂ ಉಂಟೇ ಎಂದು ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯ ಕೇಳುತ್ತದೆ, ಮತ್ತು ಅಲ್ಲಿಯ ಪೂರ್ವಪಕ್ಷ, ಅಂದರೆ ಖಂಡಿಸಲೆಂದೇ ಮೊದಲು ಮಂಡಿಸುವ ಎದುರಾಳಿಯ ಮತ, ತನ್ನ ನಿಷ್ಠುರತೆಯಲ್ಲಿ ಇಂದಿಗೂ ಓದುಗರನ್ನು ಬೆಚ್ಚಿಸುತ್ತದೆ: ಯಜ್ಞಕ್ಕೆ ದ್ರವ್ಯ ಬೇಕು, ಹೆಣ್ಣನ್ನೋ ಮದುವೆಯಲ್ಲಿ ಕೊಟ್ಟು ಕೊಳ್ಳಲಾಗುತ್ತದೆ, ಹಾಗೆ ಕೊಳ್ಳಲ್ಪಟ್ಟವಳು ತಾನೇ ದ್ರವ್ಯವಾಗಿರುವಾಗ ಅವಳಿಗೆ ದ್ರವ್ಯದ ಒಡೆತನ ಎಲ್ಲಿಂದ ಬರಬೇಕು? ಇದನ್ನು ಸಿದ್ಧಾಂತ ಒಪ್ಪುವುದಿಲ್ಲ. ಫಲದ ಬಯಕೆ ಇಬ್ಬರಿಗೂ ಸಮಾನ, ವಿವಾಹದಲ್ಲಿ ಕೊಡುವ ಗೋವು ಬೆಲೆಯಲ್ಲ, ಅವಳಿಗೂ ಧನದ ಸ್ವಾಮ್ಯವಿದೆ ಎಂಬುದು ಅದರ ನಿರ್ಣಯ. ಆಪಸ್ತಂಬ ಧರ್ಮಸೂತ್ರ ಇನ್ನೂ ನೇರವಾಗಿ, ಮದುವೆಯಾದಂದಿನಿಂದ ಗಂಡ ಹೆಂಡಿರ ನಡುವೆ ವಿಭಾಗವೆಂಬುದಿಲ್ಲ, ಕರ್ಮದಲ್ಲಿ, ಪುಣ್ಯದ ಫಲದಲ್ಲಿ, ಧನವನ್ನು ಗಳಿಸುವುದರಲ್ಲಿ ಅವರು ಜೊತೆಯವರು ಎನ್ನುತ್ತದೆ. ಮನೆಯ ಹಣಕ್ಕೆ ಒಡೆಯರು ಯಾರೆಂದು ಹೇಳಬೇಕಾದಾಗ ಅಲ್ಲಿಯ ಸೂತ್ರಕಾರ ಬಳಸಿರುವುದು ದ್ವಿವಚನ, ಅಂದರೆ ಇಬ್ಬರನ್ನು ಮಾತ್ರ ಹೇಳಲು ಸಂಸ್ಕೃತದಲ್ಲಿರುವ ವಿಶೇಷ ರೂಪ. ಕನ್ನಡದಲ್ಲಿ ದ್ವಿವಚನವಿಲ್ಲದ ಕಾರಣ ನಾವು ‘ಇಬ್ಬರೂ’ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ, ಹೇಳದಿದ್ದರೆ ಒಬ್ಬರು ಸುಲಭವಾಗಿ ಬಿಟ್ಟುಹೋಗುತ್ತಾರೆ.

ಬಿಟ್ಟುಹೋಗುವ ಈ ಅಪಾಯವೇ ತಾತ್ವಿಕ ತೊಡಕಿನ ಮೂಲ. ಇಬ್ಬರೂ ಒಂದೇ ಎಂದಾಗ ಆ ಒಂದು ಯಾವುದು? ಅವಿಭಾಗದ ತತ್ತ್ವ ಹೆಂಡತಿಯನ್ನು ಒಡತಿಯನ್ನಾಗಿ ಮಾಡುವಂತೆಯೇ ಅವಳನ್ನು ಗಂಡನೊಳಗೆ ಕರಗಿಸಿಬಿಡಲೂ ಬಲ್ಲದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಯಾದಗಿರಿಗೆ ದೂರವಲ್ಲದ ಮರ್ತೂರಿನವನೆಂದು ಪ್ರತೀತಿಯಿರುವ ಈ ಮಹಾಪಂಡಿತ, ಎರಡೂ ದಿಕ್ಕಿನ ಎಳೆತವನ್ನು ಅನುಭವಿಸಿದ್ದಾನೆ. ದಂಪತಿಗಳ ಅವಿಭಾಗವನ್ನು ಅವನು ಮುಖ್ಯವಾಗಿ ಕರ್ಮ ಮತ್ತು ಕರ್ಮಫಲಗಳಿಗೆ ಸೀಮಿತಗೊಳಿಸಿ ಹಣದ ವಿಷಯದಲ್ಲಿ ಗಂಡನ ಇಚ್ಛೆಗೆ ಎಡೆಕೊಟ್ಟನು. ಆದರೆ ಸ್ತ್ರೀಧನದ, ಅಂದರೆ ಹೆಣ್ಣಿನ ಸ್ವಂತ ಸ್ವತ್ತಿನ, ಅರ್ಥವನ್ನು ಹಿಗ್ಗಿಸಿ ಪಿತ್ರಾರ್ಜಿತದಿಂದ, ಕ್ರಯದಿಂದ, ಪಾಲಿನಿಂದ ಬಂದದ್ದೂ ಅವಳದೇ ಎಂದು ಬರೆದನು. ಹೆಂಡತಿಯನ್ನು ಗಂಡನಿಂದ ಬೇರೆಯಾಗಿ ನಿಲ್ಲಿಸಿದಾಗಲೇ ಅವಳ ಒಡೆತನ ಸ್ಪಷ್ಟವಾಗುತ್ತದೆಂಬುದು ಅವನ ದಾರಿ. ಜೊತೆಯಲ್ಲಿ ನಿಂತೂ ಅವಳ ಮಾತು ನಡೆಯುವ ದಾರಿಯನ್ನು ಶಾಸ್ತ್ರಜ್ಞರ ಗ್ರಂಥಗಳಿಗಿಂತ ಹೆಚ್ಚು ಸ್ಪಷ್ಟವಾಗಿ ತೋರಿಸಿದವರು ಶರಣರು.

ಹಲವು ವಿದ್ವಾಂಸರು 11ನೆಯ ಶತಮಾನದವನೆಂದು ಎಣಿಸುವ ದಾಸಿಮಯ್ಯ, ಮುದನೂರಿನ ರಾಮನಾಥನನ್ನೇ ತನ್ನ ವಚನಗಳ ಅಂಕಿತವಾಗಿ, ಅಂದರೆ ವಚನದ ಕೊನೆಗೆ ಬರುವ ಇಷ್ಟದೈವದ ಮುದ್ರೆಯಾಗಿ, ಇಟ್ಟುಕೊಂಡವನು. ಗಂಡ ಹೆಂಡಿರ ಭಕ್ತಿ ಒಂದಾಗಿರಬೇಕೆಂದು ಅವನು ಬಯಸಿದನು. ಒಳಗಿರುವ ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದೂ ಅವನೇ ಹೇಳಿದನು. ಈ ಎರಡು ಮಾತುಗಳನ್ನು ಜೊತೆಯಾಗಿ ಓದಿದರೆ ಮಾತ್ರ ಮೊದಲನೆಯದು ಹೆಣ್ಣನ್ನು ನುಂಗುವ ಮಾತಾಗದೆ ಉಳಿಯುತ್ತದೆ. ದುಗ್ಗಳೆಯನ್ನು ಅವನು ವರಿಸಿದ ಕಥೆ ಜನಪ್ರಿಯವಾದದ್ದು: ಮರಳು ಬೆರೆತ ಅಕ್ಕಿ ಮತ್ತು ಕಬ್ಬನ್ನು ಕೊಟ್ಟು, ನೀರು ಸೌದೆಗಳಿಲ್ಲದೆ ಪಾಯಸ ಮಾಡುವವಳನ್ನೇ ಮದುವೆಯಾಗುವೆನೆಂದು ಅವನು ಹುಡುಕುತ್ತಿದ್ದಾಗ, ದುಗ್ಗಳೆ ಮರಳನ್ನು ಬೇರ್ಪಡಿಸಿ, ಕಬ್ಬಿನ ಹಾಲನ್ನು ನೀರಾಗಿಯೂ ಸಿಪ್ಪೆಯನ್ನು ಉರುವಲಾಗಿಯೂ ಬಳಸಿದಳಂತೆ. ಇದ್ದುದರಲ್ಲೇ ಸಂಸಾರ ತೂಗಿಸುವ ಜಾಣ್ಮೆಯ ಪರೀಕ್ಷೆಯಿದು. ಪರೀಕ್ಷೆಗೆ ಕೂತವಳು ಅವಳೊಬ್ಬಳೇ ಎಂಬುದು ಕಥೆಯ ಕೊರತೆ, ಮತ್ತು ಆ ಕೊರತೆ ಇಂದಿಗೂ ಬಹಳ ಮನೆಗಳಲ್ಲಿ ಹಾಗೆಯೇ ಉಳಿದಿದೆ.

ಆದರೆ ಮಗ್ಗದ ಮನೆಯಲ್ಲಿ ದುಡಿಮೆ ಒಬ್ಬನದಾಗುವುದು ಸಾಧ್ಯವೇ ಇಲ್ಲ. ನೂಲಿಗೆ ಗಂಜಿ ಹಚ್ಚಿ ಒಣಗಿಸಬೇಕು, ಎಳೆ ಬಿಡಿಸಿ ಉದ್ದದ ಹಾಸು ಹೂಡಬೇಕು, ಅಡ್ಡದ ಹೊಕ್ಕಿಗಾಗಿ ಕಂಡಿಕೆಗೆ ನೂಲು ಸುತ್ತಿ ಲಾಳಿಗೆ ತುಂಬಬೇಕು; ಕಂಡಿಕೆ ಬರಿದಾದ ಗಳಿಗೆಯಲ್ಲಿ ಲಾಳಿ ನಿಂತು, ಮಗ್ಗದ ಸದ್ದೂ ನಿಲ್ಲುತ್ತದೆ. ಕಂಡಿಕೆ ಸುತ್ತುವ ಕೈ ಬಹುಪಾಲು ಹೆಣ್ಣಿನದು, ಸಂತೆಯಲ್ಲಿ ಸೀರೆ ಮಾರಿ ಹಣ ಎಣಿಸುವ ಕೈ ಗಂಡಿನದು. ಬಟ್ಟೆಯಲ್ಲಿ ಹಾಸುಹೊಕ್ಕಾದದ್ದನ್ನು ಹಣದಲ್ಲಿ ಮಾತ್ರ ಬಿಡಿಸಿ ‘ನನ್ನ ಗಳಿಕೆ’ ಎನ್ನುವುದು ಸುಳ್ಳು ಲೆಕ್ಕ. ಯಾಜ್ಞವಲ್ಕ್ಯನಿಗೂ ಇದು ಒಂದು ಮಟ್ಟಿಗೆ ಕಂಡಿತ್ತು: ಹೆಂಡತಿಯ ಸಾಲಕ್ಕೆ ಗಂಡ ಹೊಣೆಯಲ್ಲವೆಂಬ ಸಾಮಾನ್ಯ ನಿಯಮಕ್ಕೆ ಗೊಲ್ಲರು, ಹೆಂಡ ಕಾಸುವವರು, ನಟರು, ಅಗಸರು, ಬೇಡರು ಇಂಥ ಸಂಸಾರಗಳನ್ನು ಹೊರತುಪಡಿಸಿ, ಅಲ್ಲಿ ಜೀವನೋಪಾಯ ಹೆಂಡತಿಯನ್ನೇ ಆಶ್ರಯಿಸಿದೆ ಎಂಬ ಕಾರಣ ಕೊಟ್ಟಿದ್ದಾನೆ. ದುಡಿಯುವ ಕುಲಗಳಲ್ಲಿ ಹೆಣ್ಣಿನ ಪಾಲು ಎದ್ದು ಕಾಣುವಂತಿದ್ದುದರಿಂದ ಸ್ಮೃತಿಯೂ ಅದನ್ನು ಕಾಣಬೇಕಾಯಿತು.

ಮಾರಯ್ಯ ಮತ್ತು ಲಕ್ಕಮ್ಮರ ಪ್ರಸಂಗಕ್ಕೆ, ಶರಣರ ಸಂವಾದಗಳನ್ನು ಹೆಣೆದ ‘ಶೂನ್ಯಸಂಪಾದನೆ’ಯಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಮೀಸಲಾಗಿದೆ. ಬಸವಣ್ಣನವರ ಕಲ್ಯಾಣಕ್ಕೆ ಬಂದ ಈ ದಂಪತಿಯ ಕಾಯಕ, ಅಂದರೆ ಜೀವನೋಪಾಯವೂ ಪೂಜೆಯೂ ಆದ ದುಡಿಮೆ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ಅವರ ಊಟ ಮತ್ತು ಅವರ ದಾಸೋಹ, ಅಂದರೆ ಗಳಿಸಿದ್ದನ್ನು ಸಮುದಾಯಕ್ಕೆ ವಿನಯದಿಂದ ಅರ್ಪಿಸುವ ಕ್ರಮ. ಒಂದು ದಿನ ಮಾರಯ್ಯ ತತ್ತ್ವದ ಮಾತಿನಲ್ಲಿ ಮೈಮರೆತಾಗ ಕಾಯಕಕ್ಕೆ ಹೊತ್ತಾಯಿತೆಂದು ಎಬ್ಬಿಸಿ ಕಳಿಸಿದವಳು ಲಕ್ಕಮ್ಮ. ಬಸವಣ್ಣನವರು ತಮ್ಮ ಅಂಗಳದಲ್ಲಿ ಬೇಕೆಂದೇ ಹೆಚ್ಚು ಚೆಲ್ಲಿಸಿದ್ದ ಅಕ್ಕಿಯನ್ನು ಅವನು ನಿತ್ಯಕ್ಕಿಂತ ಹೆಚ್ಚಾಗಿ ತುಂಬಿಕೊಂಡು ಬಂದಾಗ, ಇದು ನಮ್ಮ ಅಳತೆಯದಲ್ಲ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬಾ ಎಂದು ಹಿಂದಕ್ಕೆ ಕಳಿಸಿದವಳೂ ಅವಳೇ.

ಈ ಕಥೆಯನ್ನು ಆಸೆಯ ನಿಂದೆಯೆಂದು ಓದುವುದೇ ವಾಡಿಕೆ. ಅದಕ್ಕಿಂತ ಹೆಚ್ಚಿನದು ಇಲ್ಲಿದೆ. ಅಕ್ಕಿ ತಂದವನು ಗಂಡ, ಕಳವು ಮಾಡಿ ತಂದದ್ದಲ್ಲ, ದಾಸೋಹಕ್ಕೆಂದೇ ತಂದದ್ದು. ಆದರೂ ಹೊಸ್ತಿಲೊಳಗೆ ಬಂದ ಮೇಲೆ ಅದರ ಅಳತೆಯನ್ನು ನಿರ್ಣಯಿಸುವ ಅಧಿಕಾರ ತನಗೂ ಇದೆಯೆಂದು ಲಕ್ಕಮ್ಮ ತಿಳಿದಿದ್ದಳು, ಮಾರಯ್ಯ ಅದನ್ನು ಒಪ್ಪಿದನು. ಗಂಡ ಕೊಟ್ಟಷ್ಟರಲ್ಲಿ ಮನೆ ನಡೆಸುವುದನ್ನೇ ಹೆಣ್ಣಿನ ಸದ್ಗುಣವೆಂದು ಹಾಡಿ ಹೊಗಳಿದ ಸಮಾಜದಲ್ಲಿ, ಎಷ್ಟು ತರಬೇಕೆಂಬುದನ್ನೇ ಹೇಳುವ ಹೆಣ್ಣು ಅಪೂರ್ವ. ಅವಳ ಅಂಕಿತವಾದ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ದಲ್ಲಿ ಗಂಡನ ಹೆಸರಿದೆ, ಆ ಹೆಸರಿನ ಮೇಲಿರುವ ಮಾತು ಅವಳದು, ಅದೂ ಗಂಡನನ್ನು ತಿದ್ದುವ ಮಾತು. ದುಗ್ಗಳೆಯ ‘ದಾಸಯ್ಯಪ್ರಿಯ ರಾಮನಾಥ’ವೂ ಇದೇ ಬಗೆಯದು. ಅವಿಭಾಗದಲ್ಲಿ ಎರಡು ದನಿಗಳು ಉಳಿಯುವುದು ಹೇಗೆಂಬ ಪ್ರಶ್ನೆಗೆ ಈ ಅಂಕಿತಗಳಿಗಿಂತ ಒಳ್ಳೆಯ ಉತ್ತರ ಸಿಗಲಾರದು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಅಂದಂದಿನ ಅಕ್ಕಿಯನ್ನು ಅಂದಂದೇ ಸವೆಸುವ ಆದರ್ಶ, ಮಳೆ ನಂಬಿದ ಸೀಮೆಯ ಸಂಸಾರಕ್ಕೆ ಹೊಂದೀತೇ? 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಜಲಾಶಯದ ಕಾಲುವೆ ಸುರಪುರ ಶಹಾಪುರಗಳ ಒಂದು ಭಾಗಕ್ಕೆ ಭತ್ತ ತಂದಿತು. ಕಾಲುವೆ ಮುಟ್ಟದ ಹೊಲಗಳಲ್ಲಿ ತೊಗರಿ, ಹತ್ತಿಗಳೇ ಆಧಾರ. ಮುಂಗಾರಿನಲ್ಲಿ ಬಿತ್ತಿದ ತೊಗರಿ ರಾಶಿಯಾಗಿ ಅಡತಿ ಅಂಗಡಿಯಲ್ಲಿ ತೂಕಕ್ಕೆ ಬೀಳುವುದು ಸಂಕ್ರಾಂತಿಯ ಆಚೀಚೆ. ಹಣ ಬರುವುದು ವರ್ಷಕ್ಕೊಮ್ಮೆ ಇಲ್ಲವೇ ಎರಡು ಬಾರಿ, ಖರ್ಚು ನಿತ್ಯದ್ದು. ಹೊಸದಾಗಿ ಸಂಸಾರ ಹೂಡಿದ ಜೋಡಿಯೊಂದರ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ತಂದ ದಿನಗಳಿಗೆ ಪೆನ್ಸಿಲ್ ಗೆರೆ, ಸಂಘದ ಕಂತಿನ ದಿನಕ್ಕೆ ಸುತ್ತು, ಸಿಲಿಂಡರ್ ಬಂದ ದಿನಕ್ಕೆ ಒಂದು ಗುರುತು, ಕಿರಾಣಿ ಅಂಗಡಿಯ ಉದ್ರಿ ಮೊತ್ತ ಅಂಚಿನಲ್ಲಿ ಚಿಕ್ಕ ಅಂಕೆಗಳಲ್ಲಿ ಇರುತ್ತದೆ. ಇವರಿಗೆ ಕೂಡಿಡಬೇಡಿ ಎನ್ನುವುದು ನಿರ್ದಯ ಉಪದೇಶವಾದೀತು. ಈ ಭಾಗದ ಹಿರಿಯರು ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ಇಟ್ಟದ್ದು ದುರಾಸೆಯಿಂದಲ್ಲ, ಬರಗಾಲದ ನೆನಪಿನಿಂದ. ಲಕ್ಕಮ್ಮ ನಿರಾಕರಿಸಿದ್ದು ಯಾವ ಹೊಟ್ಟೆಗೆಂದು ಗೊತ್ತಿಲ್ಲದ, ಇಬ್ಬರೂ ಕೂಡಿ ಬೇಕೆಂದು ಹೇಳದ ಹೆಚ್ಚಳವನ್ನು. ಮಗುವಿನ ಶಾಲೆಗೆ, ಮುಂದಿನ ಬಿತ್ತನೆಯ ಲಾಗೋಡಿಗೆ, ಹೆರಿಗೆಗೆ ಎಂದು ಇಬ್ಬರೂ ಹೆಸರಿಟ್ಟು ತೆಗೆದಿಟ್ಟದ್ದು ಅವಳ ಅಳತೆಯೊಳಗೇ ಬರುತ್ತದೆ.

ಅವಳ ಅಳತೆಯನ್ನು ಮೀರುವುದು ಇಂದು ಬಹುಮಟ್ಟಿಗೆ ಸಾಲ. ಸಾಲವೆಂದರೆ ನಾಳಿನ ಅಂಗಳದ ಅಕ್ಕಿಯನ್ನು ಇಂದೇ ಆಯ್ದು ತರುವುದು. ಅದನ್ನು ಮರಳಿ ಚೆಲ್ಲಿ ಬಾ ಎನ್ನುವ ಅವಕಾಶವೂ ಅಲ್ಲಿರುವುದಿಲ್ಲ. ಗುಂಪುಸಾಲಗಳು ಹೆಣ್ಣಿನ ಹೆಸರಿನಲ್ಲಿ ಮಂಜೂರಾಗಿ ಗಂಡನ ಕೈಗೆ ಹೋಗುವುದು, ವಾರದ ಕಂತಿನ ದಿನ ಬಾಗಿಲಲ್ಲಿ ನಿಲ್ಲಬೇಕಾದವಳು ಮಾತ್ರ ಅವಳೇ ಆಗುವುದು ಹಳ್ಳಿಹಳ್ಳಿಯ ಸಂಕಟ. ವಸೂಲಿಯ ಹಿಂಸೆ ಮಿತಿಮೀರಿದ್ದರಿಂದ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲಗಳ ಬಗ್ಗೆ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಯಾಜ್ಞವಲ್ಕ್ಯನು ಇಲ್ಲಿ ಒಂದು ಒರೆಗಲ್ಲನ್ನು ಕೊಟ್ಟಿದ್ದಾನೆ: ಗಂಡನ ಸಾಲಕ್ಕೆ ಹೆಂಡತಿ, ಹೆಂಡತಿಯ ಸಾಲಕ್ಕೆ ಗಂಡ ಹೊಣೆಯಲ್ಲ, ಅದು ಕುಟುಂಬಾರ್ಥವಾಗಿದ್ದ ಹೊರತು. ಕುಟುಂಬಾರ್ಥ, ಅಂದರೆ ಸಂಸಾರದ ಪೋಷಣೆಗಾಗಿ ಆದದ್ದು. ಆದರೆ ಯಾವುದು ಕುಟುಂಬಾರ್ಥವೆಂದು ಒಬ್ಬರೇ ತೀರ್ಮಾನಿಸಿದರೆ ಆ ಒರೆಗಲ್ಲು ಕೆಲಸಕ್ಕೆ ಬಾರದು. ಸಾಲದ ಕಾಗದಕ್ಕೆ ಸಹಿ ಬೀಳುವ ಮೊದಲು ಅಡುಗೆಮನೆಯಲ್ಲಿ ಆಗುವ ಮಾತು, ಈ ಅರ್ಥದಲ್ಲಿ, ಧರ್ಮನಿರ್ಣಯವೇ ಸರಿ.

ಗುಟ್ಟಿನ ಹಣದ ಮಾತು ಹೆಚ್ಚು ಸೂಕ್ಷ್ಮ. ಸಾಸಿವೆ ಡಬ್ಬಿಯಲ್ಲಿ ಗಂಡನಿಗೆ ಕಾಣದಂತೆ ಹೆಣ್ಣು ಕೂಡಿಟ್ಟ ನೋಟುಗಳನ್ನು ಅವಿಭಾಗದ ಭಂಗವೆನ್ನಬಹುದೇ? ಪುರಂದರದಾಸರ ಬಗ್ಗೆ ಪ್ರಚಲಿತವಿರುವ ಕಥೆಯಲ್ಲಿ ಅವರ ಹೆಂಡತಿ ಗಂಡನನ್ನು ಕೇಳದೆ ಮೂಗುತಿಯನ್ನು ಬಡ ಬ್ರಾಹ್ಮಣನಿಗೆ ಕೊಟ್ಟಳು. ತವರಿನ ಆ ಮೂಗುತಿ ಸ್ತ್ರೀಧನವಾದ್ದರಿಂದ ಕೊಡುವ ಹಕ್ಕು ಅವಳದೇ, ಆದರೂ ಅವಳು ವಿಷ ಕುಡಿಯಲು ಹೊರಡುವಷ್ಟು ಹೆದರಬೇಕಾಯಿತು. ಹಕ್ಕಿದ್ದೂ ಹೆದರಿಕೆಯಿರುವ ಮನೆಯಲ್ಲಿ ಗುಟ್ಟು ಹುಟ್ಟುತ್ತದೆ. ಅಲ್ಲಿ ದೋಷವನ್ನು ಡಬ್ಬಿಯಲ್ಲಿ ಹುಡುಕುವುದು ಅನ್ಯಾಯ.

2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳ 2000 ರೂಪಾಯಿ ಸಲ್ಲುವುದು ಮನೆಯ ‘ಯಜಮಾನಿ’ಯ ಖಾತೆಗೆ. ಯಜಮಾನನೆಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು. ಜೈಮಿನಿಯ ಪೂರ್ವಪಕ್ಷಿ ಹೆಣ್ಣಿಗೆ ಒಪ್ಪದಿದ್ದುದು ಆ ಪದವಿಯನ್ನೇ. ಪಡಿತರ ಚೀಟಿಯ ಮೇಲೆ ಆ ಪದ ಹೆಣ್ಣಿನ ರೂಪದಲ್ಲಿ ಬಂದಿರುವುದು ಸಣ್ಣ ಸಂಗತಿಯಲ್ಲ, ಖಾತೆಯ ಹಣ ಯಾರ ಕೈಯಿಂದ ಖರ್ಚಾಗುತ್ತದೆಂಬುದು ಮನೆಮನೆಗೂ ಬೇರೆಯಾಗಿದ್ದರೂ.

ಈ ಸೀಮೆಯ ಅನೇಕ ಯುವ ದಂಪತಿಗಳು ಬೇಸಿಗೆಯಲ್ಲಿ ಒಂದೇ ಸೂರಿನಡಿ ಇರುವುದಿಲ್ಲ. ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರಲ್ಲಿ ಕೆಲವರು ಜೋಡಿಯಾಗಿ ಹೋದರೆ, ಕೆಲವೆಡೆ ಮಗು ಹಾಗೂ ಅತ್ತೆ ಮಾವಂದಿರ ಜೊತೆ ಹೆಂಡತಿ ಊರಲ್ಲೇ ಉಳಿಯುತ್ತಾಳೆ. ಗಂಡ ಪರಸ್ಥಳದಲ್ಲಿರುವಾಗ ಸಂದರ್ಭ ಬಂದು ಹೆಂಡತಿ ದಾನ ಮಾಡಿದರೆ ಅದನ್ನು ಕಳವೆನ್ನುವುದಿಲ್ಲವೆಂದು ಆಪಸ್ತಂಬ ಹೇಳಿದ್ದು ಇಂಥವಳನ್ನು ಕುರಿತೇ. ಜಾತ್ರೆಯ ಪಟ್ಟಿ ಕೇಳಲು ಬಂದವರಿಗೆ ಎಷ್ಟು, ನೆರೆಮನೆಯ ಮದುವೆಯ ಮುಯ್ಯಿಗೆ ಎಷ್ಟು, ಅತ್ತೆಯ ಔಷಧಕ್ಕೆ ಎಷ್ಟು ಎಂಬುದನ್ನು ಹಗಲೆಲ್ಲ ಅವಳೊಬ್ಬಳೇ ನಿರ್ಣಯಿಸಿರುತ್ತಾಳೆ. ರಾತ್ರಿ ಊಟವಾದ ಮೇಲೆ ಫೋನು ಬರುತ್ತದೆ. ಅತ್ತ ಆ ದಿನದ ಪಗಾರ ಎಷ್ಟು ಕೈಗೆ ಬಂತೆಂದು ಅವನು ಹೇಳುತ್ತಾನೆ, ಇತ್ತ ಅವಳು ಕ್ಯಾಲೆಂಡರಿನ ಅಂಚನ್ನು ದೀಪಕ್ಕೆ ಹಿಡಿದು ಒಂದೊಂದೇ ಅಂಕೆಯನ್ನು ಓದುತ್ತಾಳೆ.